ಏಳು ತಿಂಗಳ ನೆಂಟ

ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಪ್ರತಿವರ್ಷ ದಸರಾದ ಹೊತ್ತಿಗೆ ಒಂದು ಹಕ್ಕಿ ಬರುತ್ತದೆ. ಬಂದಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಹಳೆಯ ಗೋಡೆ ಗಡಿಯಾರಕ್ಕೆ ಕೀ ಕೊಟ್ಟಂತೆ ‘ಟ್ರ್‌ರ್‌ರ್, ಟ್ರ್‌ರ್‌ರ್’ ಎಂದು ಎಲೆಗಳ ನಡುವಿನಿಂದ ಒಣ ಸದ್ದು. ಅಡುಗೆಮನೆ ಕಿಟಕಿಯಿಂದ ಬಗ್ಗಿ ನೋಡಿದರೆ, ಗುಬ್ಬಚ್ಚಿಗಿಂತಲೂ ಚಿಕ್ಕ, ಮಾಸಲು ಕಂದು ಬಣ್ಣದ ಹಕ್ಕಿ ಕೆಳಗಿನ ಕೊಂಬೆಯ ಮೇಲೆ ಕೂತು ಬಾಲವನ್ನು ಚಕ್ಕನೆ ಮೇಲೆತ್ತಿ ನಿಧಾನವಾಗಿ ಇಳಿಸುತ್ತಿರುತ್ತದೆ. ಎತ್ತಿದಾಗ ಬಾಲದ ಬುಡದ ಎರಡು ಪಕ್ಕದಲ್ಲೂ ಬಿಳಿ ಮಚ್ಚೆ ಹೊಳೆಯುತ್ತದೆ. ಕೆಂಪೆದೆಯ ನೊಣಹಿಡುಕ. ಹೆಸರಿಗೆ ಕೆಂಪೆದೆ. ಆದರೆ ನಮ್ಮ ಮರಕ್ಕೆ ಬರುವವುಗಳಲ್ಲಿ ಹೆಚ್ಚಿನವಕ್ಕೆ ಎದೆಯಲ್ಲಾಗಲಿ ಗಂಟಲಲ್ಲಾಗಲಿ ಕೆಂಪಿನ ಸುಳಿವೇ ಇರುವುದಿಲ್ಲ.

1996ರಿಂದ ನಾನು ಇದರ ಲೆಕ್ಕ ಇಟ್ಟಿದ್ದೇನೆ. ಅಂಗಡಿಯವರು ಬಾಕಿ ಬರೆದಿಡುವ ಉದ್ದನೆಯ ಪುಸ್ತಕವೊಂದರಲ್ಲಿ ಮೂರು ಕಲಂ. ಮೊದಲನೆಯದರಲ್ಲಿ ಬಂದ ತಾರೀಕು, ಎರಡನೆಯದರಲ್ಲಿ ಕೊನೆಯ ಬಾರಿ ಕಂಡ ತಾರೀಕು, ಮೂರನೆಯದರಲ್ಲಿ ‘ಗಂ’ ಅಥವಾ ‘ಹೆ’. ಕಿತ್ತಳೆ ಗಂಟಲಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದವಳು. ವಿಭಾಗಿಸಿ ಬರೆಯುವುದು ಕೈಗೆ ಅಂಟಿದ ಅಭ್ಯಾಸ.

ಈ ಹಕ್ಕಿಯನ್ನು ಮೊದಲು ತೋರಿಸಿದವರು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರು. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿನಲ್ಲಿ ಸಿಕ್ಕಾಗ ಒಂದು ಮರದ ಕಡೆ ಕೈ ತೋರಿಸಿ, “ನೋಡಿಮ್ಮ, ಯೂರೋಪಿನಿಂದ ಬಂದಿದ್ದಾನೆ” ಎಂದಿದ್ದರು. “ಹಾಡುತ್ತಾ ಸಾರ್?” ಎಂದು ಕೇಳಿದೆ. “ಇಲ್ಲಿ ಹಾಡಲ್ಲ. ಹಾಡೋದೆಲ್ಲ ಅಲ್ಲಿ.” ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ವರ್ಷದಲ್ಲಿ ಏಳು ತಿಂಗಳು ನಮ್ಮ ಹಿತ್ತಲಿನಲ್ಲಿ, ನಮ್ಮ ಸೊಳ್ಳೆ, ನಮ್ಮ ನೊಣ ತಿಂದುಕೊಂಡಿರುವ ಹಕ್ಕಿ. ಅದರ ಗೊಣಗಾಟ ನನಗೆ ಬಾಯಿಪಾಠ. ಹಾಡು ಮಾತ್ರ ಗೊತ್ತಿಲ್ಲ. ಮುಂದೆ ಮೊಬೈಲಿನಲ್ಲಿ ಹಕ್ಕಿಗಳ ದನಿ ಕೇಳುವ ಕಾಲ ಬಂದಾಗ ಕೇಳಿದೆ. ಮದುವೆ ಊಟದ ಫೋಟೋ ನೋಡಿದಂತಾಯಿತು.

2018ರಲ್ಲಿ ನಿವೃತ್ತಳಾದೆ. ನನ್ನ ತಂಗಿಯ ಮಗ ವಾರ್ಸಾದಲ್ಲಿ ಕೆಲಸದಲ್ಲಿದ್ದ. “ದೊಡ್ಡಮ್ಮ, ಈಗಲಾದರೂ ಬನ್ನಿ” ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದ. ಮರುವರ್ಷ ಮೇ ತಿಂಗಳಿನಲ್ಲಿ ಹೋದೆ. ಅವನು ಪ್ರಾಗ್, ವಿಯೆನ್ನಾ ಎಂದು ಪಟ್ಟಿ ಮಾಡಿಟ್ಟಿದ್ದ. ನಾನು ನಕ್ಷೆಯಲ್ಲಿ ಪೋಲೆಂಡಿನ ಪೂರ್ವದ ಅಂಚಿನಲ್ಲಿ, ಬೆಲಾರೂಸ್ ಗಡಿಯ ಮೇಲೆ ಬೆರಳಿಟ್ಟೆ. “ಬಿಯಾಲೋವಿಯೆಜಾಗೆ ಹೋಗಬೇಕಲ್ಲೋ” ಎಂದೆ. “ಅದು ‘ಲೋ’ ಅಲ್ಲ ದೊಡ್ಡಮ್ಮ, ಆ ಅಕ್ಷರಕ್ಕೆ ಅಡ್ಡಗೀಟು ಇದೆ ನೋಡಿ, ‘ವೊ’ ಅನ್ನಬೇಕು. ಬ್ಯಾವೊವಿಯೆಜಾ” ಎಂದು ತಿದ್ದಿದ. ಎರಡು ದಿನ ಜೌಗು, ಮೂರು ದಿನ ಕಾಡು ಎಂದು ಅವನೇ ರಜ ಹಾಕಿ ಕಾರು ತೆಗೆದ. ಡಬ್ಬಿಯಲ್ಲಿ ಅವಲಕ್ಕಿ, ಚಟ್ನಿಪುಡಿ. ಫ್ಲಾಸ್ಕಿನಲ್ಲಿ ಕಾಫಿ.

ವಾರ್ಸಾ ಬಿಟ್ಟು ಈಶಾನ್ಯಕ್ಕೆ ಹೋದಂತೆ ಹಳ್ಳಿಗಳು ಬರುತ್ತವೆ, ಹಳ್ಳಿಗಳ ಜೊತೆಗೇ ಬಿಳಿ ಕೊಕ್ಕರೆಗಳು ಬರುತ್ತವೆ. ಕರೆಂಟ್ ಕಂಬದ ತುದಿಯಲ್ಲಿ, ಕೊಟ್ಟಿಗೆಯ ಮಾಡಿನ ಮೇಲೆ, ಚರ್ಚಿನ ಪಕ್ಕದ ಮರದಲ್ಲಿ, ಎಲ್ಲಿ ನೋಡಿದರೂ ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಕಡ್ಡಿಗೂಡು. ಕಂಬಗಳ ಮೇಲೆ ಗೂಡಿಗೆಂದೇ ಕಬ್ಬಿಣದ ತಟ್ಟೆ ಕೂರಿಸಿದ್ದಾರೆ. ತಂತಿಯ ಮೇಲೆ ಗೂಡಿನ ಭಾರ ಬೀಳಬಾರದು, ಹಕ್ಕಿಗೂ ಶಾಕ್ ಹೊಡೆಯಬಾರದು ಎಂಬ ಏರ್ಪಾಡು. 2004ರಲ್ಲಿ ದೇಶದಾದ್ಯಂತ ನಡೆದ ಎಣಿಕೆಯಲ್ಲಿ ಪೋಲೆಂಡಿನಲ್ಲಿ 50,000ಕ್ಕೂ ಹೆಚ್ಚು ಜೋಡಿಗಳು ಸಿಕ್ಕಿದ್ದವು. ತಿಕೋಚಿನ್ ಊರಿನ ಹತ್ತಿರ ಪೆಂತೊವೊ ಎಂಬಲ್ಲಿ ಕಾರು ನಿಲ್ಲಿಸಿದೆವು. ಅದಕ್ಕೆ ‘ಯೂರೋಪಿನ ಕೊಕ್ಕರೆ ಹಳ್ಳಿ’ ಎಂದು 2001ರಲ್ಲಿ ಹೆಸರು ಕೊಟ್ಟಿದ್ದಾರೆ. ಅಂಗಳದಲ್ಲಿ ಕೋಳಿಗಳು, ಬೇಲಿಯಾಚೆ ಕುದುರೆಗಳು, ತಲೆಯ ಮೇಲೆ ಕೊಕ್ಕುಗಳನ್ನು ಟಕಟಕ ಬಡಿಯುವ ಜೋಡಿಗಳು. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ನೆನಪಾಗದೆ ಇರಲು ಸಾಧ್ಯವೇ? ಅಲ್ಲಿನವರು ಹುಣಸೆ ಮರಗಳಿಗೆ ಬಂದು ಗೂಡುಕಟ್ಟುವ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಇಲ್ಲಿ ಏನನ್ನುತ್ತಾರೋ, ಆ ತಟ್ಟೆ ಕೂರಿಸಿದ ಕೈಗಳ ಮನಸ್ಸು ಮಾತ್ರ ಬೇರೆಯಾಗಿ ಕಾಣಲಿಲ್ಲ.

ಬ್ಯೆಬ್ಜಾ ನದಿಯ ಜೌಗುಪ್ರದೇಶವನ್ನು ಕಣ್ಣಳತೆಗೆ ತರುವುದು ಕಷ್ಟ. ರಾಷ್ಟ್ರೀಯ ಉದ್ಯಾನವೇ 592 ಚದರ ಕಿಲೋಮೀಟರ್, ಪೋಲೆಂಡಿನಲ್ಲಿ ಅದಕ್ಕಿಂತ ದೊಡ್ಡದಿಲ್ಲ. 1993ರಲ್ಲಿ ಆಗಿದ್ದು. ಚಳಿಗಾಲದ ಹಿಮ ಕರಗಿ ಹೊಳೆ ಉಕ್ಕಿ ಹರಡಿಕೊಂಡ ನೀರು ಮೇ ತಿಂಗಳಿಗೆ ಇಳಿಯುತ್ತಾ ಬಂದಿರುತ್ತದೆ. ಪಶ್ಚಿಮದ ದೇಶಗಳು ತಮ್ಮ ಜೌಗುಗಳಿಗೆ ಕಾಲುವೆ ತೋಡಿ, ನೀರು ಬಸಿದು, ಹೊಲ ಮಾಡಿಕೊಂಡಾಗ ಇದು ಉಳಿದುಕೊಂಡಿತು. ಗೊನ್ಯೊಂಡ್ಜ್ ಎಂಬ ಸಣ್ಣ ಪೇಟೆಯಲ್ಲಿ ನಮ್ಮ ವಾಸ. ರೂಮಿನ ಕಿಟಕಿಯಾಚೆ ವಿಲ್ಲೋ ಪೊದೆಯ ಮೇಲೆ ಗುಲಾಲು ಬಳಿದ ತಲೆಯ ರೋಸ್‌ಫಿಂಚ್ ಕೂತು ಸೀಟಿ ಹೊಡೆಯುತ್ತಿತ್ತು. ಇದೂ ಚಳಿಗಾಲಕ್ಕೆ ಭಾರತಕ್ಕೆ ಇಳಿಯುವ ಹಕ್ಕಿಯೇ. ನಮ್ಮ ಘಟ್ಟದಲ್ಲಿ ಕಂಡಿದ್ದೆ. ಹಾಡು ಕೇಳಿದ್ದು ಇದೇ ಮೊದಲು.

ಸಂಜೆ ಏಳಕ್ಕೆ ದ್ವುಗಾ ಲೂಕಾ ಎಂಬಲ್ಲಿಗೆ ಹೋದೆವು. ತ್ಸಾರ್ ದೊರೆಗಳ ಕಾಲದ ಕೋಟೆಗಳಿಗೆಂದು ಮಾಡಿದ ಹಳೆಯ ರಸ್ತೆಯಿಂದ ಜೌಗಿನೊಳಕ್ಕೆ ಒಂದು ಹಲಗೆದಾರಿ ಹೋಗುತ್ತದೆ. ಸುಮಾರು 400 ಮೀಟರ್ ಉದ್ದ. ಸುತ್ತ ನಮ್ಮ ಕೆರೆಯಂಚಿನ ಜೇಕಿನಂಥ ಹುಲ್ಲು, ಮೊಣಕಾಲೆತ್ತರ, ಬುಡದಲ್ಲಿ ನಾಲ್ಕೈದು ಬೆರಳು ನೀರು. ಹಲಗೆಯ ಮೇಲೆ ಮಂಡಿಯೂರಿ ಹುಲ್ಲು ಸರಿಸಿ ನೋಡಿದೆ. ಕಾಲಿಟ್ಟರೆ ಹಾಸಿಗೆಯ ಹಾಗೆ ಕುಸಿಯುವ ಪಾಚಿ, ಕಂದು ನೀರು, ಅದರಲ್ಲಿ ಸೂಜಿಮೊನೆಯಂಥ ಮರಿಹುಳುಗಳು. ನೀರು ಇನ್ನು ಸ್ವಲ್ಪ ಏರಿದರೆ ಗೂಡು ಮುಳುಗುತ್ತದೆ, ಇಳಿದರೆ ನರಿ ನಡೆದು ಬರುತ್ತದೆ. ಆ ನಾಲ್ಕೈದು ಬೆರಳಿನ ಲೆಕ್ಕದಲ್ಲಿ ಬದುಕುವ ಹಕ್ಕಿಯನ್ನು ನೋಡಲು ನಾವು ಹೋಗಿದ್ದು. ಅಲ್ಲಿನವರು ‘ವೊದ್ನಿಚ್ಕಾ’ ಎನ್ನುತ್ತಾರೆ, ನೀರಿನವಳು ಎಂಬಂತೆ. ಉಲಿಯಕ್ಕಿಗಳ ಬಳಗದ್ದು. ಹುಲ್ಲುಬಣ್ಣದ ಮೈಮೇಲೆ ಕಪ್ಪು ಗೀರು, ನೆತ್ತಿಯ ನಡುವೆ ಬೈತಲೆ ತೆಗೆದಂತೆ ಒಂದು ಕೆನೆಬಣ್ಣದ ಪಟ್ಟೆ. ಯೂರೋಪಿನ ನೆಲದಲ್ಲಿ ಮರಿ ಮಾಡುವ ಹಾಡುಹಕ್ಕಿಗಳಲ್ಲಿ ಜಗತ್ತಿನಿಂದಲೇ ಮಾಯವಾಗುವ ಅಪಾಯದಲ್ಲಿರುವುದು ಇದು. ಹಿಂದೆ ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲೂ ಇತ್ತು. ಈಗ ಹೆಚ್ಚಿನವು ಬೆಲಾರೂಸ್, ಉಕ್ರೇನ್, ಪೋಲೆಂಡಿನಲ್ಲಿ ಮಾತ್ರ.

ಎಂಟರವರೆಗೆ ಏನೂ ಇಲ್ಲ. ಸೂರ್ಯ ಕೆಂಪಾಗಿ ಹುಲ್ಲಿನ ಮಟ್ಟಕ್ಕೆ ಇಳಿದ ಮೇಲೆ ಒಂದು ಗಂಡು ಜೊಂಡಿನ ತುದಿಗೆ ಹತ್ತಿತು. ಒಂದು ಗೊರಗೊರ, ನಂತರ ಎರಡು ಮೂರು ಸೀಟಿ, ಮತ್ತೆ ಗೊರಗೊರ. ಅಷ್ಟೇ. ಅದಕ್ಕೆ ದೂರದಿಂದ ಇನ್ನೊಂದು ಉತ್ತರ ಕೊಟ್ಟಿತು. ಈ ಗಂಡುಗಳು ಗೂಡು ಕಟ್ಟುವುದಿಲ್ಲ, ಮರಿಗೆ ತುತ್ತು ಕೊಡುವುದಿಲ್ಲ. ಎಲ್ಲವನ್ನೂ ಹೆಣ್ಣೇ ಮಾಡಬೇಕು. ಹುಳುಹುಪ್ಪಟೆ ಅಷ್ಟು ಸಮೃದ್ಧವಾಗಿದ್ದರೆ ಮಾತ್ರ ಒಂಟಿ ತಾಯಿಯೊಬ್ಬಳು ಐದಾರು ಮರಿ ಸಾಕಬಲ್ಲಳು. ಜೌಗು ಬಡವಾದ ಕಡೆಯೆಲ್ಲ ಈ ಹಕ್ಕಿ ಮೊದಲು ಹೋಗುವುದೇಕೆಂದು ಅಲ್ಲಿ ನಿಂತಾಗ ತಿಳಿಯಿತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆಯದು. ಈ ಹುಲ್ಲುಗಾವಲು ತಾನೇ ತಾನಾಗಿ ಹೀಗೆ ಉಳಿದಿಲ್ಲ. ತಲೆಮಾರುಗಳಿಂದ ಸುತ್ತಲಿನ ರೈತರು ಬೇಸಗೆಯ ಕೊನೆಗೆ ಮೊಣಕಾಲುದ್ದ ನೀರಿಗಿಳಿದು, ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಕೊಯ್ದು, ಮೆದೆ ಒಟ್ಟಿ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದ ಮೇಲೆ ಜಾರುಗಾಡಿಯಲ್ಲಿ ಮನೆಗೆ ಎಳೆದುಕೊಂಡು ಹೋಗುತ್ತಿದ್ದರು. ಕಳೆದ ಶತಮಾನದಲ್ಲಿ ಆ ಕೆಲಸ ಯಾರಿಗೂ ಬೇಡವಾಯಿತು. ಕುಡುಗೋಲು ನಿಂತದ್ದೇ ತಡ, ವಿಲ್ಲೋ, ಬರ್ಚ್, ಎತ್ತರದ ಜೊಂಡು ನುಗ್ಗಿ ಬಂದವು, ವೊದ್ನಿಚ್ಕಾಗೆ ಜಾಗವಿಲ್ಲದಾಯಿತು. ಈಗ ಹಿಮದ ಮೇಲೆ ಜಾರುವ ಆಟದ ಬಯಲುಗಳನ್ನು ಸಮ ಮಾಡುವ ಅಗಲ ಪಟ್ಟಿಯ ಯಂತ್ರಗಳಿವೆಯಲ್ಲ, ಅವುಗಳನ್ನೇ ಮಾರ್ಪಡಿಸಿ ಜೌಗಿನಲ್ಲಿ ಹುಲ್ಲು ಕೊಯ್ಯಿಸುತ್ತಾರೆ. ಮರಿಗಳು ಹಾರಿದ ಮೇಲೆ ಮಾತ್ರ. ಕಾಡು ಎಂದರೆ ಮನುಷ್ಯ ಕೈಯಿಡದ ಜಾಗ ಎಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ. ಇಲ್ಲಿ ಮನುಷ್ಯ ಕೈ ತೆಗೆದದ್ದೇ ಹಕ್ಕಿಗೆ ಮುಳುವಾಗಿತ್ತು.

ಮರುದಿನ ಹೊಳೆಯ ತಗ್ಗುಗಳಲ್ಲಿ ರಫ್ ಹಕ್ಕಿಗಳು ಸಿಕ್ಕವು. ನಮ್ಮ ಕೆರೆಗಳಲ್ಲಿ ಚಳಿಗಾಲದಲ್ಲಿ ಬೂದು ಬಣ್ಣದಲ್ಲಿ ಕೆಸರು ಕೆದಕುತ್ತಿರುವ ಅದೇ ಹಕ್ಕಿ. ಇಲ್ಲಿ ಕುತ್ತಿಗೆಯ ಸುತ್ತ ಯಕ್ಷಗಾನದ ವೇಷದಂತೆ ಗರಿಗಳನ್ನು ಕೆದರಿಕೊಂಡು, ಒಂದು ಬಿಳಿ, ಒಂದು ಕಪ್ಪು, ಒಂದು ಇಟ್ಟಿಗೆಗೆಂಪು, ಎದುರುಬದುರು ಬಗ್ಗಿ ನಿಂತಿದ್ದವು. ವಾಪಸು ಬರುವಾಗ ರಸ್ತೆಯಂಚಿನ ಬರ್ಚ್ ತೋಪಿನಲ್ಲಿ ಮೂಸ್ ಎನ್ನುವ ದೈತ್ಯ ಜಿಂಕೆ, ನಮ್ಮನ್ನು ಕ್ಯಾರೇ ಎನ್ನದೆ ಎಲೆ ಸವರುತ್ತಿತ್ತು. ಮಧ್ಯಾಹ್ನ ಆಲೂಗಡ್ಡೆ, ಮೊಸರುಗಿಣ್ಣು ತುಂಬಿದ ಪಿಯೆರೋಗಿ ತಿಂದೆವು. ನಮ್ಮ ಕಡುಬಿನದೇ ಜಾತಿ. ಚಟ್ನಿಪುಡಿ ಹಾಕಿಕೊಂಡರೆ ಇನ್ನೂ ಚೆನ್ನ. ಅಲ್ಲಿಂದ ಕಾಡಿಗೆ ಹೊರಟೆವು.

ಬ್ಯಾವೊವಿಯೆಜಾ ಹಳ್ಳಿ ಕಾಡಿನ ನಡುವಿನ ಒಂದು ಬಯಲು. ಪೋಲೆಂಡಿನ ರಾಜರಿಗೆ, ಆಮೇಲೆ ರಷ್ಯಾದ ತ್ಸಾರ್‌ಗಳಿಗೆ ಇದು ಬೇಟೆಯ ಕಾಡು. ಬೇಟೆಗಾಗಿ ಕಾಪಾಡಿದ್ದರಿಂದಲೇ ಕೊಡಲಿಯಿಂದ ಉಳಿಯಿತು. ಉದ್ಯಾನದ ಕೆರೆಯ ಬಳಿ ಮರಳುಗಲ್ಲಿನ ಒಂದು ಕಂಬವಿದೆ. 1752ರಲ್ಲಿ ದೊರೆ ಮೂರನೆಯ ಆಗಸ್ಟ್ ಇಲ್ಲಿ ಆಡಿದ ಬೇಟೆಯ ನೆನಪಿಗೆ ನಿಲ್ಲಿಸಿದ್ದು. ಒಂದೇ ದಿನ ಬಿದ್ದ ಬೈಸನ್‌ಗಳು 42. ಬೈಸನ್ ಅಂದರೆ ನಮ್ಮ ಕಾಟಿಯ ದೂರದ ಬಂಧು. ಅಲ್ಲಿನವರು ‘ಜುಬ್ರ್’ ಎನ್ನುತ್ತಾರೆ. ಮೊದಲ ಮಹಾಯುದ್ಧದ ಹಸಿವು, ಅರಾಜಕತೆಯಲ್ಲಿ ಈ ಕಾಡಿನ ಕಟ್ಟಕಡೆಯ ಬೈಸನ್ 1919ರಲ್ಲಿ ಸತ್ತಿತು. ಮೃಗಾಲಯಗಳಲ್ಲಿ ಉಳಿದಿದ್ದವುಗಳಿಂದ ಮತ್ತೆ ಸಂತಾನ ಬೆಳೆಸಿ 1952ರಲ್ಲಿ ಕಾಡಿಗೆ ಬಿಟ್ಟರು. ಇಂದು ಯೂರೋಪಿನಲ್ಲಿ ಇರುವ ಬೈಸನ್‌ಗಳೆಲ್ಲ ಕೇವಲ 12 ಪ್ರಾಣಿಗಳ ಮಕ್ಕಳು ಮೊಮ್ಮಕ್ಕಳು. ಆ ದಿನ ಸಂಜೆ ಬೆಳಕಿನಲ್ಲಿ ಕಾಡಿನಂಚಿನ ಹೊಲದಲ್ಲಿ ಐದು ಗಂಡುಗಳು ಮೇಯುತ್ತಿದ್ದವು. ತೊಗಲಿನ ಮೇಲೆ ಕಳೆದ ಚಳಿಗಾಲದ ಕೂದಲು ಕಂತೆಕಂತೆಯಾಗಿ ಉದುರುತ್ತಿತ್ತು. ಬಂಡೀಪುರದಲ್ಲಿ ಕಾಟಿಯ ಎದುರು ಹೇಗೋ ಹಾಗೆಯೇ ನಾನು ಉಸಿರು ಹಿಡಿದು ನಿಂತಿದ್ದೆ.

ಕಾಡಿನ ಕಟ್ಟುನಿಟ್ಟಿನ ಭಾಗಕ್ಕೆ ಪರವಾನಗಿ ಇರುವ ಗೈಡ್ ಇಲ್ಲದೆ ಬಿಡುವುದಿಲ್ಲ. ನಮಗೆ ಸಿಕ್ಕವರು ಐವತ್ತು ದಾಟಿದ ಹೆಂಗಸು. ನನ್ನನ್ನು ‘ಪಾನಿ’ ಎಂದು ಕರೆದರು. ನಾನು ನೀರಿನ ಬಾಟಲಿ ಮುಂದೆ ಹಿಡಿದೆ. “ಹಾಗಲ್ಲ ದೊಡ್ಡಮ್ಮ, ಇಲ್ಲಿ ಪಾನಿ ಅಂದರೆ ಅಮ್ಮಾವ್ರೇ ಅಂದ ಹಾಗೆ” ಎಂದ ತಂಗಿಯ ಮಗ. ಆಮೇಲೆ ನಾನೂ ಅವರನ್ನು ಪಾನಿ ಎಂದೇ ಕರೆದೆ. ಯಾವ ಹಕ್ಕಿ ನೋಡಬೇಕು ಎಂದು ಕೇಳಿದರು. ಬಂದವರೆಲ್ಲ ಇಲ್ಲಿ ಕೇಳುವುದು ಮರಕುಟಿಗಗಳನ್ನಂತೆ, ಕುಳ್ಳ ಗೂಬೆಯನ್ನಂತೆ. ನಾನು ನೊಣಹಿಡುಕ ಎಂದಾಗ ಒಂದು ಕ್ಷಣ ನನ್ನ ಮುಖ ನೋಡಿದರು. ಅವರ ಭಾಷೆಯಲ್ಲಿ ಅದು ‘ಮುಹೊವುಫ್ಕಾ ಮಾವಾ’. ಮುಹಾ ಅಂದರೆ ನೊಣ, ಅದನ್ನು ಹಿಡಿಯುವ ಪುಟ್ಟದು. ಎರಡು ಊರಿನವರೂ ಅದು ಮಾಡುವ ಕೆಲಸ ನೋಡಿಯೇ ಹೆಸರಿಟ್ಟಿದ್ದಾರೆ. “ಆ ಹಕ್ಕಿ ಚಳಿಗಾಲದಲ್ಲಿ ನನ್ನ ಮನೆಯ ಮರದಲ್ಲಿರುತ್ತದೆ” ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. ಓದಿ ಗೊತ್ತಿತ್ತು, ಭಾರತದಿಂದ ಅದನ್ನು ಕೇಳಿಕೊಂಡು ಬಂದವರನ್ನು ಕಂಡದ್ದು ಮೊದಲು ಎಂದರು.

ಬೆಳಗಿನ ಜಾವ ನಾಲ್ಕಕ್ಕೆ ಮರದ ಹೆಬ್ಬಾಗಿಲು ದಾಟಿದೆವು. ಒಳಗೆ ಹೋದ ತಕ್ಷಣ ತಿಳಿಯುವುದು ಎತ್ತರವಲ್ಲ, ಬಿದ್ದಿರುವುದು. ಓಕ್, ಲಿಂಡನ್, ಹಾರ್ನ್‌ಬೀಮ್, 40 ಮೀಟರಿಗೂ ಮೀರಿದ ಸ್ಪ್ರೂಸ್ ನಿಂತಿವೆ, ನಿಜ. ಅವುಗಳ ನಡುವೆ ಬಿದ್ದ ಮರಗಳು ಒಂದರ ಮೇಲೊಂದು, ಯಾರೂ ಎತ್ತಿಲ್ಲ, ಯಾರೂ ಕೊಯ್ದಿಲ್ಲ. ನೂರು ವರ್ಷದ ಹಿಂದೆ ಬಿದ್ದಿದ್ದಿರಬಹುದಾದ ಕಾಂಡವೊಂದು ಪಾಚಿಯ ದಿಂಡಾಗಿ, ಅದರ ಬೆನ್ನಮೇಲೆ ಸಾಲಾಗಿ ಸ್ಪ್ರೂಸ್ ಸಸಿಗಳು ಎದ್ದಿದ್ದವು. ಬೆರಳು ಒತ್ತಿದರೆ ನೆನೆದ ಬ್ರೆಡ್ಡಿನಂತೆ ಒಳಕ್ಕೆ ಹೋಯಿತು. ಬಿಳಿಬೆನ್ನಿನ ಮರಕುಟಿಗಕ್ಕೆ ಇಂಥ ಕೊಳೆತ ಮರವೇ ಬೇಕು. ಚೊಕ್ಕಟ ಮಾಡಿದ ಕಾಡಿನಲ್ಲಿ ಅದು ಬದುಕುವುದಿಲ್ಲ.

ನಿಂತೇ ಸತ್ತ ಸ್ಪ್ರೂಸ್ ಒಂದರ ಬುಡದಿಂದ ಪಾನಿ ಅಂಗೈಯಗಲದ ತೊಗಟೆ ಎತ್ತಿಕೊಟ್ಟರು. ಒಳಮೈ ತಿರುಗಿಸಿದೆ. ನಡುವೆ ನೆಟ್ಟಗೆ ಒಂದು ಗೀರು. ಅದರ ಎರಡು ಪಕ್ಕಕ್ಕೂ ಬಾಚಣಿಗೆ ಹಲ್ಲಿನಂತೆ ಹತ್ತಾರು ಗೀರುಗಳು. ಪ್ರತಿಯೊಂದೂ ಹೊರಡುವಲ್ಲಿ ದಾರದಷ್ಟು ಸಣ್ಣ, ಹೋಗುತ್ತಾ ಹೋಗುತ್ತಾ ದಪ್ಪ, ಕೊನೆಯಲ್ಲಿ ಒಂದು ಗುಳಿ. ಸ್ಪ್ರೂಸ್ ತೊಗಟೆ ದುಂಬಿಯ ಸಂಸಾರದ ಕತೆ ಅದು. ತಾಯಿ ನೆಟ್ಟಗೆ ಕೊರೆಯುತ್ತಾ ಎರಡೂ ಬದಿಗೆ ಮೊಟ್ಟೆ ಇಟ್ಟುಕೊಂಡು ಹೋಗುತ್ತದೆ. ಪ್ರತಿ ಮರಿಹುಳವೂ ಅಡ್ಡಕ್ಕೆ ತಿನ್ನುತ್ತಾ ಹೋಗಿ, ಬೆಳೆದಂತೆ ದಾರಿ ಅಗಲವಾಗಿ, ಕೊನೆಯ ಗುಳಿಯಲ್ಲಿ ಕೋಶ ಕಟ್ಟುತ್ತದೆ. ಮೋಡಿ ಅಕ್ಷರದಲ್ಲಿ ಬರೆದ ಹಳೆಯ ಕಾಗದದಂತಿತ್ತು. ಜರ್ಮನರು ಈ ದುಂಬಿಗೆ ಮುದ್ರಣಕಾರ ಎಂದೇ ಹೆಸರಿಟ್ಟಿದ್ದಾರೆ.

ಈ ದುಂಬಿಯ ಹೆಸರಿನಲ್ಲಿ ದೊಡ್ಡ ಜಗಳವೇ ನಡೆದಿತ್ತು. ಪೋಲೆಂಡಿನ ಬದಿಯ ಕಾಡಿನಲ್ಲಿ ರಾಷ್ಟ್ರೀಯ ಉದ್ಯಾನ ಎಂದರೆ ಸುಮಾರು ಆರರಲ್ಲಿ ಒಂದು ಪಾಲು. ಉಳಿದದ್ದು ಅರಣ್ಯ ಇಲಾಖೆಯ ಕೈಯಲ್ಲಿದೆ. ದುಂಬಿ ಹರಡದಂತೆ ತಡೆಯಬೇಕು ಎಂಬ ಕಾರಣ ಕೊಟ್ಟು 2016ರಲ್ಲಿ ಸರ್ಕಾರ ಒಂದು ವಲಯದಲ್ಲಿ ಕಡಿಯುವ ಮರದ ಪ್ರಮಾಣವನ್ನು ಮೂರು ಪಟ್ಟು ಏರಿಸಿತು. ಯಂತ್ರಗಳು ಬಂದವು. ಜನ ಯಂತ್ರಗಳಿಗೆ ತಮ್ಮನ್ನು ಸರಪಳಿಯಲ್ಲಿ ಬಿಗಿದುಕೊಂಡರು. 2017ರ ಜುಲೈನಲ್ಲಿ ಯೂರೋಪಿನ ನ್ಯಾಯಾಲಯ ಕಡಿತ ನಿಲ್ಲಿಸಲು ಹೇಳಿತು, 2018ರ ಏಪ್ರಿಲ್ 17ರಂದು ಅದು ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ನಾವು ಹೋದದ್ದು ತೀರ್ಪಿನ ಮರುವರ್ಷ. ಪಾನಿ ಆ ಕತೆಯನ್ನು ಹೇಳುವಾಗ ಎರಡು ಸಲ ಮಾತು ನಿಲ್ಲಿಸಿದರು. ಅವರ ಹಳ್ಳಿಯಲ್ಲಿ ಮರ ಕಡಿಯುವವರ ಮನೆಗಳೂ ಇವೆ, ಅಣ್ಣತಮ್ಮಂದಿರ ನಡುವೆ ಮಾತು ನಿಂತಿದೆ ಎಂದರು. ಅಷ್ಟರಲ್ಲಿ ಅದೇ ಸತ್ತ ಸ್ಪ್ರೂಸಿನ ಮೇಲೆ ಮೆಲ್ಲನೆ ತಟ್ಟುವ ಸದ್ದು. ಹಳದಿ ನೆತ್ತಿಯ, ಮೂರೇ ಬೆರಳಿನ ಮರಕುಟಿಗ ತೊಗಟೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ದುಂಬಿಯ ಹುಳುಗಳನ್ನು ಹೆಕ್ಕುತ್ತಿತ್ತು. ಸತ್ತ ಮರ ಅದಕ್ಕೆ ತುಂಬಿದ ಕಣಜ.

ಬ್ಯೆಬ್ಜಾದಲ್ಲಿ ಕೊಯ್ಯಬೇಕು, ಇಲ್ಲಿ ಕೊಯ್ಯಕೂಡದು. ಒಂದೇ ಜಿಲ್ಲೆಯಂಥ ದೂರದಲ್ಲಿ ಎರಡು ಪಾಠ. ಎರಡೂ ಕಡೆ ಹಕ್ಕಿಯನ್ನೇ ಕೇಳಿ ತಿಳಿಯಬೇಕಾಗಿತ್ತು. ಇಲ್ಲಿ ಹಾಗೆ ಕೇಳಿದವರೂ ಇದ್ದರು. ಲುದ್ವಿಕ್ ತೊಮ್ಯಾವೊಯ್ಚ್, ತೊಮಾಷ್ ವೆಸೊವೊವ್ಸ್ಕಿ ಎಂಬ ವಿಜ್ಞಾನಿಗಳು 1975ರಲ್ಲಿ ಕಾಡಿನೊಳಗೆ ಕೆಲವು ತುಂಡು ಜಾಗ ಗುರುತಿಸಿ, ಪ್ರತಿ ವಸಂತದಲ್ಲೂ ಅವೇ ಜಾಗದಲ್ಲಿ ಹಾಡುವ ಹಕ್ಕಿಗಳನ್ನು ಎಣಿಸುವ ಕೆಲಸ ಹಿಡಿದರು. ಹಿತ್ತಲಿನ ಒಂದು ಮರದ ಲೆಕ್ಕ ಇಟ್ಟವಳಿಗೆ ಆ ತಾಳ್ಮೆಯ ತೂಕ ಗೊತ್ತಾಗುತ್ತದೆ.

ಮೊದಲ ದಿನ ನನ್ನ ಹಕ್ಕಿ ಸಿಗಲಿಲ್ಲ. ಕೊರಳಲ್ಲಿ ಬಿಳಿ ಪಟ್ಟಿಯಿರುವ ಇನ್ನೊಂದು ಜಾತಿಯ ನೊಣಹಿಡುಕ ಎಲ್ಲ ಕಡೆ ಇತ್ತು. ಮರದ ಪೊಟರೆಯೊಂದರಲ್ಲಿ ಅದರ ಗೂಡು ನೋಡುತ್ತಾ ಪಾನಿ ಹೇಳಿದರು: ಇದು ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗುತ್ತದೆ. ಇಲ್ಲಿನ ಹುಳತಿನ್ನುವ ಹಕ್ಕಿಗಳಲ್ಲಿ ಬಹುಪಾಲು ಹೋಗುವುದೂ ಅತ್ತಲೇ. ಮಾವಾ ಮಾತ್ರ ಆಗ್ನೇಯಕ್ಕೆ ತಿರುಗುತ್ತದೆ. ಪಕ್ಕಪಕ್ಕದ ಮರದಲ್ಲಿ ಹುಟ್ಟಿದ ಎರಡು ಮರಿಗಳು, ಒಂದು ಆಫ್ರಿಕಾಕ್ಕೆ, ಒಂದು ನಮ್ಮ ಕಡೆಗೆ. ತೂಕ ಸುಮಾರು 10 ಗ್ರಾಂ. ಇಲ್ಲಿಂದ ಮೈಸೂರಿಗೆ ನೇರ ಗೆರೆ ಎಳೆದರೂ 6,000 ಕಿಲೋಮೀಟರಿಗೆ ಮೀರುತ್ತದೆ. ದಾರಿ ತೋರಿಸಲು ಅಪ್ಪ ಅಮ್ಮ ಜೊತೆಗೆ ಬರುವುದಿಲ್ಲ.

ಎರಡನೆಯ ದಿನ ರಾತ್ರಿಯೆಲ್ಲ ಜಿನುಗಿದ ಮಳೆ ಬೆಳಗ್ಗೆ ನಿಂತಿತ್ತು. ಹಾರ್ನ್‌ಬೀಮ್‌ಗಳ ದಟ್ಟ ನೆರಳಿನಲ್ಲಿ ನಡೆಯುತ್ತಿದ್ದೆವು. ಕತ್ತಲು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಇದ್ದಕ್ಕಿದ್ದಂತೆ ‘ಟ್ರ್‌ರ್‌ರ್’. ಗಡಿಯಾರಕ್ಕೆ ಕೀ ಕೊಟ್ಟ ಸದ್ದು. ನಾನು ಅಲ್ಲೇ ನಿಂತೆ. ನನ್ನ ಅಡುಗೆಮನೆಯ ಕಿಟಕಿ, ಒಲೆಯ ಮೇಲಿನ ಹಾಲು, ಮಾವಿನ ಮರ ಎಲ್ಲವೂ ಆ ತಣ್ಣನೆಯ ಕಾಡಿನೊಳಗೆ ಎದ್ದು ಬಂದವು. ಪಾನಿ ತುಟಿಯ ಮೇಲೆ ಬೆರಳಿಟ್ಟರು.

ಆಮೇಲೆ ಹಾಡು ಬಂತು. ಮೊದಲು ತಾಳ ಹಾಕಿಕೊಂಡಂತೆ ‘ಚಿಟಿ, ಚಿಟಿ, ಚಿಟಿ’, ಮೇಲಿನ ಸ್ಥಾಯಿಯಲ್ಲಿ. ಅಲ್ಲಿಂದ ತಿಳಿಯಾದ ಸೀಟಿಗಳು ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೊನೆಯ ಸ್ವರ ಅರ್ಧದಲ್ಲೇ ಕರಗಿತು. ಅವರೋಹಣ ಮಾತ್ರ ಇರುವ ಸಂಗೀತ. ಏರುವುದೇ ಇಲ್ಲ, ಪ್ರತಿ ಸಲವೂ ಮೇಲಿಂದ ಶುರುವಾಗಿ ಇಳಿಯುತ್ತದೆ. ನಡುವೆ ಆರೇಳು ಸೆಕೆಂಡಿನ ಮೌನ. ಆ ಮೌನದಲ್ಲಿ ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಎಷ್ಟು ಸಲ ಹಾಡಿತೋ, ನಾನು ಲೆಕ್ಕ ಇಡಲಿಲ್ಲ. ಕಣ್ಣು ತುಂಬಿ ಬಂದದ್ದರಿಂದ ಬೈನಾಕ್ಯುಲರ್ ಎತ್ತುವುದಕ್ಕೂ ತಡವಾಯಿತು.

ಎತ್ತಿ ನೋಡಿದೆ. ಒಣಕೊಂಬೆಯ ಮೇಲೆ, ಮಾಸಲು ಕಂದು ಬಣ್ಣದ, ಗಂಟಲಲ್ಲಿ ಕೆಂಪಿನ ಸುಳಿವೇ ಇಲ್ಲದ ಹಕ್ಕಿ. ಬಾಯಿ ತೆರೆದು, ಗಂಟಲು ನಡುಗಿಸಿ ಹಾಡುತ್ತಿರುವುದು ಅದೇ. “ಹೆಣ್ಣು ಹಾಡುತ್ತದೆಯೇ?” ಎಂದು ಪಿಸುಗುಟ್ಟಿದೆ. ಪಾನಿ ತಲೆಯಾಡಿಸಿದರು. “ಗಂಡು. ಹೋದ ವರ್ಷ ಹುಟ್ಟಿದವನು. ಇವರಿಗೆ ಮೊದಲ ವಸಂತದಲ್ಲಿ ಕೆಂಪು ಬರುವುದಿಲ್ಲ, ಇನ್ನೂ ಒಂದೆರಡು ವರ್ಷ ಬೇಕು. ಆದರೆ ಹಾಡುತ್ತಾರೆ, ಜಾಗ ಹಿಡಿಯುತ್ತಾರೆ, ಜೊತೆ ಸಿಕ್ಕರೆ ಸಂಸಾರವನ್ನೂ ಮಾಡುತ್ತಾರೆ.”

ನನಗೆ ನನ್ನ ಉದ್ದನೆಯ ಪುಸ್ತಕ ಕಣ್ಣ ಮುಂದೆ ಬಂತು. 23 ವರ್ಷ. ಆರು ಸಲ ‘ಗಂ’, 17 ಸಲ ‘ಹೆ’. ಅವುಗಳಲ್ಲಿ ಎಷ್ಟು ಮರಿಗಂಡುಗಳೋ! ಮೊದಲ ಬಾರಿಗೆ ಒಂಟಿಯಾಗಿ ಅಷ್ಟು ದೂರ ಹಾರಿಬಂದ, ಇನ್ನೂ ಬಣ್ಣ ತುಂಬದ, ಮುಂದಿನ ವಸಂತದಲ್ಲಿ ಇಂಥದೇ ಕೊಂಬೆಯ ಮೇಲೆ ಕೂತು ಹಾಡಬೇಕಿದ್ದ ಹುಡುಗರನ್ನು ನಾನು ಹೆಣ್ಣೆಂದು ಬರೆದು ಮುಗಿಸಿದ್ದೆ.

ಹಳ್ಳಿಗೆ ಮರಳುವ ದಾರಿಯಲ್ಲಿ ತಂಗಿಯ ಮಗ ಕೇಳಿದ, “ಹಾಗಾದರೆ ಅದರ ಊರು ಯಾವುದು ದೊಡ್ಡಮ್ಮ? ಇಲ್ಲಿ ಇರೋದು ನಾಲ್ಕೇ ತಿಂಗಳಲ್ವಾ?” ಮೇ ಮೊದಲಿಗೆ ಬಂದು ಆಗಸ್ಟ್ ಕೊನೆಗೆ ಹೊರಡುವ ಹಕ್ಕಿ. ನಮ್ಮ ಮರದಲ್ಲಿ ಏಳು ತಿಂಗಳು. ಉಳಿದದ್ದು ದಾರಿ. ಬಾಣಂತನಕ್ಕೆ ಹೋದ ಕಡೆಯನ್ನು ತವರು ಎನ್ನಬೇಕೋ, ಉಂಡು ಬೆಳೆದ ಕಡೆಯನ್ನೋ? ಅವನಿಗೂ ಆ ಊರಿನಲ್ಲಿ ಆರು ವರ್ಷವಾಗಿತ್ತು. ಉತ್ತರ ಕೊಡದೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟೆ.

ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಆ ಪುಸ್ತಕ ತೆಗೆದು 17 ‘ಹೆ’ಗಳ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಹಾಕಿದ್ದು. ಮರುವರ್ಷ ಏಪ್ರಿಲ್‌ನಲ್ಲಿ, ಲಾಕ್‌ಡೌನಿನ ದಿನಗಳಲ್ಲಿ, ಬ್ಯೆಬ್ಜಾಕ್ಕೆ ಬೆಂಕಿ ಬಿದ್ದ ಸುದ್ದಿ ಬಂತು. ಹಿಮ ಬೀಳದ ಚಳಿಗಾಲ, ಒಣ ವಸಂತ. 5,000 ಹೆಕ್ಟೇರಿಗೂ ಹೆಚ್ಚು ಉರಿಯಿತು. 2021ರಲ್ಲಿ ಕಾಡಿನ ಗಡಿಯಲ್ಲಿ ಇರಾಕ್, ಸಿರಿಯಾ, ಅಫ್ಘಾನಿಸ್ತಾನದ ಜನ ಚಳಿಯಲ್ಲಿ ಸಿಕ್ಕಿಬಿದ್ದ ಸುದ್ದಿ. ಅವರಲ್ಲಿ ಕೆಲವರು ಆ ಮರಗಳ ಕೆಳಗೇ ತೀರಿಕೊಂಡರು. 2022ರಲ್ಲಿ ಅಲ್ಲಿ ಐದೂವರೆ ಮೀಟರ್ ಎತ್ತರದ ಉಕ್ಕಿನ ಗೋಡೆ ಎದ್ದಿತು. ಗಡಿಯುದ್ದಕ್ಕೂ 186 ಕಿಲೋಮೀಟರ್, ಕಾಡಿನ ನಡುವೆಯೂ ಹಾದು. ಪಾನಿಗೆ ಸಂದೇಶ ಕಳಿಸಿದೆ. “ಲಿಂಕ್ಸ್ ದಾಟುವುದಿಲ್ಲ, ಮನುಷ್ಯರು ದಾಟುವುದಿಲ್ಲ” ಎಂದು ಉತ್ತರ ಬಂತು. ಅದರ ಕೆಳಗೆ, “ಮಾವಾ ಬಂದಿದೆ.”

ಆ ವರ್ಷ ಅಕ್ಟೋಬರ್ 4ರ ಬೆಳಗ್ಗೆ ಮಾವಿನ ಮರದಲ್ಲಿ ಕೀ ಕೊಟ್ಟ ಸದ್ದು ಕೇಳಿತು. ಅದು ಬ್ಯಾವೊವಿಯೆಜಾದ ಹಕ್ಕಿಯೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ರಷ್ಯಾದ ಉರಾಲ್ ಬೆಟ್ಟಗಳವರೆಗೂ ಅದರ ನೆಲೆಗಳಿವೆ. ಕಂದು ಮೈ, ಬಿಳಿ ಗಂಟಲು. ತಾರೀಕು ಬರೆದೆ, ಮೂರನೆಯ ಕಲಂ ಖಾಲಿ ಬಿಟ್ಟೆ. ಈಗ ಅದನ್ನು ಖಾಲಿಯೇ ಬಿಡುತ್ತೇನೆ. ಏಪ್ರಿಲ್ ಕೊನೆಗೆ ಒಂದು ದಿನ ಮರ ಸುಮ್ಮನಾಗುತ್ತದೆ. ಮೇ ತಿಂಗಳಿನಲ್ಲಿ ಬೆಳಗ್ಗೆ ಏಳೂವರೆಗೆ ನಾನು ಡಿಕಾಕ್ಷನ್ ಇಳಿಸುವ ಹೊತ್ತಿಗೆ ಅಲ್ಲಿ ನಾಲ್ಕು ಗಂಟೆ. ಹಾರ್ನ್‌ಬೀಮ್‌ಗಳ ಕೆಳಗೆ ಕತ್ತಲು ಬಿಡುತ್ತಿರುತ್ತದೆ.